ಮೈಮೇಲೆ ದದ್ದು ಎದ್ದಿದೆ, ಕಾರಣ ಗೊತ್ತಿಲ್ಲ: ಟ್ಯೂಬ್ ಹಚ್ಚುವ ಮೊದಲು ಇದನ್ನು ಓದಿ

"ಅಕ್ಕ, ತುರಿಕೆಗೆ ಒಂದು ಟ್ಯೂಬ್ ಕೊಡಿ." ಕೊಡಗಿನ ಒಂದು ಸಣ್ಣ ಪೇಟೆಯ ಮೆಡಿಕಲ್ ಶಾಪಿನಲ್ಲಿ ಹದಿನಾಲ್ಕು ವರ್ಷ ಕೌಂಟರ್ ಹಿಂದೆ ನಿಂತಿದ್ದೇನೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಎಲ್ಲಕ್ಕಿಂತ ಜಾಸ್ತಿ ಕೇಳಿದ್ದು ಇದೇ ಮಾತು. ಈಗ ಅದೇ ಪ್ರಶ್ನೆ ಫೋನಿಗೆ ಬರುತ್ತದೆ. ಕೈಯದ್ದೋ ಕುತ್ತಿಗೆಯದ್ದೋ ಒಂದು ಮಸುಕಾದ ಫೋಟೋ, ಜೊತೆಗೆ "ಇದೇನು, ಏನು ಹಚ್ಚಲಿ?"

ಫೋಟೋ ನೋಡಿ ಔಷಧಿ ಹೇಳುವುದು ನನ್ನಿಂದ ಆಗದು, ಹೇಳಲೂಬಾರದು. ನಾನು ಡಾಕ್ಟರ್ ಅಲ್ಲ. ಆದರೆ ಯಾವ ದದ್ದಿಗೆ ಅದೇ ರಾತ್ರಿ ಗಾಡಿ ಹತ್ತಬೇಕು, ಯಾವುದಕ್ಕೆ ನಾಲ್ಕು ದಿನ ಕಾಯಬಹುದು, ಯಾರಿಗೆ ತೋರಿಸಬೇಕು, ಒಳಗೆ ಹೋದಮೇಲೆ ಏನು ಹೇಳಬೇಕು ಅನ್ನುವುದನ್ನು ಹೇಳಬಲ್ಲೆ. ಚರ್ಮದ ಕಾಯಿಲೆಯಲ್ಲಿ ಅರ್ಧ ಉತ್ತರ ದದ್ದಿನ ರೂಪದಲ್ಲೇ ಇರುತ್ತದೆ. ಉಳಿದರ್ಧ ಅದು ಬಂದ ಕಥೆಯಲ್ಲಿ. ಸಿಕ್ಕಿದ್ದನ್ನೆಲ್ಲ ಹಚ್ಚಿದರೆ ರೂಪ ಕೆಡುತ್ತದೆ, ಬರೆದಿಡದಿದ್ದರೆ ಕಥೆ ಮರೆತುಹೋಗುತ್ತದೆ. ಇವೆರಡನ್ನೂ ಹಾಳಾಗದಂತೆ ಡಾಕ್ಟರ ಮುಂದೆ ಇಡುವುದು ನಿಮ್ಮ ಕೆಲಸ.

ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಬೇಕಾದ್ದು ಇಷ್ಟೇ: ಒಂದು ಸಣ್ಣ ನೋಟ್‌ಬುಕ್, ಬಾಲ್ ಪೆನ್, ಫೋನ್, ಜ್ವರ ನೋಡುವ ಥರ್ಮಾಮೀಟರ್, ಬಣ್ಣವಿಲ್ಲದ ಗಾಜಿನ ಲೋಟ, ಮತ್ತೆ ಒಂದು ಚೀಲ. ಚೀಲ ಯಾಕೆ ಅಂತ ಮುಂದೆ ಹೇಳುತ್ತೇನೆ.

1. ಕಾಯಬಹುದೇ, ಕಾಯಬಾರದೇ

ತುಂಬಾ ದದ್ದುಗಳು ಒಂದು ವಾರ ಬಿಟ್ಟು ತೋರಿಸಿದರೂ ಏನೂ ಆಗುವುದಿಲ್ಲ. ಕೆಲವಕ್ಕೆ ಒಂದು ರಾತ್ರಿಯೂ ಬಿಡುವ ಹಾಗಿಲ್ಲ. ಈ ಕೆಳಗಿನದರಲ್ಲಿ ಯಾವುದಾದರೂ ಒಂದು ಇದ್ದರೆ ಮುಂದೆ ಓದುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಇಲ್ಲವೇ ಸಿಕ್ಕ ಜೀಪು ಹತ್ತಿ ಹತ್ತಿರದ ಆಸ್ಪತ್ರೆಗೆ ಹೊರಡಿ. ಮಳೆಗಾಲದಲ್ಲಿ ರಸ್ತೆಗೆ ಮರ ಬಿದ್ದರೆ ಕಥೆ ಮುಗಿಯಿತು. ಆದ್ದರಿಂದ ಅನುಮಾನ ಬಂದಾಗಲೇ, ಬೆಳಕಿರುವಾಗಲೇ ಹೊರಡುವುದು ಒಳ್ಳೆಯದು.

ಒಂದು, ದದ್ದಿನ ಜೊತೆ ತುಟಿ, ನಾಲಿಗೆ ಊದಿದೆ, ಉಸಿರು ಕಟ್ಟುತ್ತಿದೆ, ತಲೆ ಸುತ್ತಿ ಬೀಳುವ ಹಾಗಾಗುತ್ತಿದೆ. ಹೆಜ್ಜೇನು ಅಥವಾ ಕಡಜ ಕಚ್ಚಿದ ಮೇಲೆ, ಹೊಸ ಮಾತ್ರೆ ನುಂಗಿದ ಮೇಲೆ, ಕೆಲವರಿಗೆ ಏನಾದರೂ ತಿಂದ ಮೇಲೆ ಹೀಗಾಗುತ್ತದೆ. ಇದಕ್ಕೆ ಅನಾಫಿಲಾಕ್ಸಿಸ್ ಅಂತಾರೆ. ಅಂದರೆ ಇಡೀ ಮೈಗೆ ಒಮ್ಮೆಲೇ ಬರುವ ತೀವ್ರ ಅಲರ್ಜಿ. ಇದಕ್ಕೆ ಅಡ್ರಿನಲಿನ್ ಇಂಜೆಕ್ಷನ್ ಬೇಕು. ಅಲರ್ಜಿ ಮಾತ್ರೆ ನುಂಗಿ "ಸ್ವಲ್ಪ ಹೊತ್ತು ನೋಡೋಣ" ಅನ್ನಬೇಡಿ.

ಎರಡು, ಬಾಯಿ, ಕಣ್ಣು, ಗುಪ್ತಾಂಗದಲ್ಲಿ ಹುಣ್ಣು. ಚರ್ಮ ತುರಿಸುವುದಕ್ಕಿಂತ ಸುಟ್ಟ ಹಾಗೆ ಉರಿಯುತ್ತಿದೆ. ಬೊಕ್ಕೆ ಎದ್ದು ಸಿಪ್ಪೆ ಸುಲಿಯುತ್ತಿದೆ. ಇದು ಔಷಧಿಯಿಂದ ಬರುವ ಭಯಂಕರ ರಿಯಾಕ್ಷನ್ ಇರಬಹುದು. ಕಳೆದ ಎರಡು ತಿಂಗಳಲ್ಲಿ ಹೊಸದಾಗಿ ಶುರುವಾದ ಮಾತ್ರೆ ಯಾವುದು ಅಂತ ನೋಡಿ. ಫಿಟ್ಸ್‌ಗೆ ಕೊಡುವ ಕಾರ್ಬಮಾಜೆಪಿನ್, ಫೆನಿಟೊಯಿನ್, ಲ್ಯಾಮೊಟ್ರಿಜಿನ್, ಯೂರಿಕ್ ಆಸಿಡ್‌ಗೆ ಕೊಡುವ ಅಲೊಪ್ಯುರಿನಾಲ್, ಸಲ್ಫಾ ಮಾತ್ರೆಗಳು, ಕೆಲವು ನೋವಿನ ಮಾತ್ರೆಗಳು ಇದಕ್ಕೆ ಹೆಸರಾದವು. ಮುಂದಿನ ಡೋಸ್ ನುಂಗುವ ಮೊದಲೇ ಆಸ್ಪತ್ರೆ ತಲುಪಿ. ಸ್ಟ್ರಿಪ್ ಕೈಯಲ್ಲಿರಲಿ.

ಮೂರು, ಒತ್ತಿದರೂ ಮಾಯವಾಗದ ಚುಕ್ಕೆ. ಇದಕ್ಕೇ ಆ ಗಾಜಿನ ಲೋಟ. ಲೋಟದ ಬದಿಯನ್ನು ದದ್ದಿನ ಮೇಲೆ ಒತ್ತಿ ಹಿಡಿದು ಗಾಜಿನ ಮೂಲಕ ನೋಡಿ. ಸಾಮಾನ್ಯ ಕೆಂಪು ದದ್ದು ಒತ್ತಿದಾಗ ಬಿಳಿಚಿಕೊಳ್ಳುತ್ತದೆ. ಒತ್ತಿದರೂ ಕೆಂಪು ಅಥವಾ ನೇರಳೆ ಚುಕ್ಕೆ ಹಾಗೇ ಉಳಿದರೆ ರಕ್ತ ಚರ್ಮದ ಒಳಗೆ ಸೋರಿದೆ ಅಂತ ಅರ್ಥ. ಜೊತೆಗೆ ಜ್ವರ ಇದ್ದರೆ ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿದಿರಬಹುದು, ರಕ್ತದಲ್ಲಿ ಸೋಂಕು ಇರಬಹುದು. ಕಪ್ಪು ಚರ್ಮದಲ್ಲಿ ಈ ಚುಕ್ಕೆ ಸರಿಯಾಗಿ ಕಾಣುವುದಿಲ್ಲ. ಅಂಗೈ, ಅಂಗಾಲು, ಕಣ್ಣಿನ ಕೆಳರೆಪ್ಪೆಯ ಒಳಭಾಗ, ಬಾಯಿಯ ಅಂಗಳ ನೋಡಿ. ಡೆಂಗಿ ಅನುಮಾನ ಇದ್ದಾಗ ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಆಸ್ಪಿರಿನ್, ಐಬುಪ್ರೊಫೆನ್ ಯಾವುದೂ ಬೇಡ.

ನಾಲ್ಕು, ಕಾಲು ಅಥವಾ ಕೈ ಕೆಂಪಾಗಿ, ಬಿಸಿಯಾಗಿ, ಊದಿ, ಗಂಟೆ ಗಂಟೆಗೂ ಹರಡುತ್ತಿದೆ. ಕೆಂಪಿನ ಅಂಚಿಗೆ ಬಾಲ್ ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲಿ ಟೈಮ್ ಬರೆಯಿರಿ. ಗೆರೆ ದಾಟಿದರೆ ಹೊರಡಿ. ಸಕ್ಕರೆ ಕಾಯಿಲೆ ಇರುವವರಾದರೆ ಗೆರೆ ದಾಟುವ ತನಕವೂ ಕಾಯಬೇಡಿ.

ಎಳೆ ಮಗುವಿಗೆ ಜ್ವರದ ಜೊತೆ ದದ್ದು, ಗರ್ಭಿಣಿಗೆ ಯಾವುದೇ ಹೊಸ ದದ್ದು, ಇವನ್ನೂ ಅದೇ ದಿನ ತೋರಿಸಬೇಕು.

2. ಹಚ್ಚುತ್ತಿರುವುದನ್ನೆಲ್ಲ ನಿಲ್ಲಿಸಿ

ಅರಿಶಿನ, ಬೇವಿನ ರಸ, ಹೊಗೆಸೊಪ್ಪಿನ ನೀರು, ಸುಣ್ಣ, ಪಕ್ಕದ ಮನೆಯವರ ಅರ್ಧ ಮುಗಿದ ಟ್ಯೂಬ್. ಎಲ್ಲವನ್ನೂ ನಿಲ್ಲಿಸಿ. ಹೊಸ ಸೋಪು, ಹೊಸ ಎಣ್ಣೆ, ಸೆಂಟು ಕೂಡ. ಜಿಗಣೆ ಕಚ್ಚಿದ ಜಾಗಕ್ಕೆ ಸುಣ್ಣ ಹಚ್ಚಿ ಸುಟ್ಟುಕೊಂಡವರನ್ನು ಎಷ್ಟೋ ಜನರನ್ನು ನೋಡಿದ್ದೇನೆ. ಕಡೆಗೆ ಜಿಗಣೆಯ ಗಾಯ ಯಾವುದು, ಸುಣ್ಣದ ಗಾಯ ಯಾವುದು ಅಂತ ಡಾಕ್ಟರಿಗೂ ಗೊತ್ತಾಗುವುದಿಲ್ಲ.

ಆದರೆ ನನಗೆ ನಿಜವಾಗಿ ಚಿಂತೆ ಇರುವುದು ಟ್ಯೂಬಿನದ್ದು. ಇದನ್ನು ಬಿಡಿಸಿ ಹೇಳಬೇಕು.

"ತುರಿಕೆ ಟ್ಯೂಬ್" ಅಂತ ಕೇಳಿ ತರುವುದರಲ್ಲಿ ಎಷ್ಟೋ ಸಲ ಮೂರು ಔಷಧಿ ಸೇರಿರುತ್ತವೆ: ಫಂಗಸ್ಸಿಗೆ ಒಂದು, ಬ್ಯಾಕ್ಟೀರಿಯಕ್ಕೆ ಒಂದು, ಜೊತೆಗೆ ಸ್ಟೆರಾಯ್ಡ್. ಸ್ಟೆರಾಯ್ಡ್ ಅಂದರೆ ಉರಿಯೂತವನ್ನು ಬೇಗ ಅಡಗಿಸುವ ಔಷಧಿ. ಹಚ್ಚಿದ ಎರಡೇ ದಿನದಲ್ಲಿ ತುರಿಕೆ ನಿಲ್ಲುತ್ತದೆ, ಕೆಂಪು ಇಳಿಯುತ್ತದೆ. ಜನ ಖುಷಿಯಾಗುತ್ತಾರೆ. ದದ್ದು ಹುಳಕಡ್ಡಿಯದ್ದಾಗಿದ್ದರೆ ಒಳಗೆ ಫಂಗಸ್ ಪೂರ್ತಿ ಸಾಯುವುದಿಲ್ಲ, ಮೈಯ ಪ್ರತಿರೋಧ ಅಡಗಿದ್ದರಿಂದ ಇನ್ನೂ ಆರಾಮಾಗಿ ಹರಡುತ್ತದೆ. ಟ್ಯೂಬ್ ಬಿಟ್ಟ ವಾರದೊಳಗೆ ಎರಡರಷ್ಟು ದೊಡ್ಡದಾಗಿ ಬರುತ್ತದೆ. ಮತ್ತೆ ಟ್ಯೂಬ್. ಹೀಗೆ ಆರು ತಿಂಗಳು ನಡೆದ ಮೇಲೆ ತೊಡೆ ಸಂದಿಯ ಚರ್ಮ ತೆಳುವಾಗಿ ಬಿಳಿ ಬಿರುಕು ಬಿಟ್ಟಿರುತ್ತದೆ. ಆ ಬಿರುಕು ಹೋಗುವುದಿಲ್ಲ. ಮುಖಕ್ಕೆ ಹಚ್ಚಿಕೊಂಡವರಿಗೆ ಮೊಡವೆ, ಕೂದಲು, ಬಿಸಿಲು ಕಂಡರೆ ಉರಿ. ಕೇಳಿದವರಿಗೆ ಇಂಥ ಟ್ಯೂಬನ್ನು ಚೀಟಿ ಇಲ್ಲದೆ ನಾನೂ ಕೊಟ್ಟಿದ್ದೇನೆ, ಮೊದಲ ವರ್ಷಗಳಲ್ಲಿ. ಅದೇ ಜನ ಕೆಲವು ತಿಂಗಳಾದ ಮೇಲೆ ಬಂದು ಮೈ ತೋರಿಸಿದಾಗ ತುಂಬಾ ನೋವಾಯಿತು. ಇದನ್ನು ಬರೆಯಲು ಅದೂ ಒಂದು ಕಾರಣ.

ಟ್ಯೂಬಿನ ಹೆಸರು ನೋಡಬೇಡಿ, ಕೆಳಗಿರುವ ಸಣ್ಣ ಅಕ್ಷರ ಓದಿ. ಕ್ಲೋಬೆಟಾಸಾಲ್, ಬೆಟಾಮೆಥಾಸೋನ್, ಬೆಕ್ಲೊಮೆಥಾಸೋನ್, ಮೊಮೆಟಾಸೋನ್, ಫ್ಲುಸಿನೊಲೋನ್ ಇವೆಲ್ಲ ಸ್ಟೆರಾಯ್ಡ್‌ಗಳು. ಇವು ಡಾಕ್ಟರ ಚೀಟಿ ಇದ್ದರೆ ಮಾತ್ರ ಕೊಡಬೇಕಾದ ಔಷಧಿಗಳು. ಹಾಗಂತ ಸ್ಟೆರಾಯ್ಡ್ ವಿಷವಲ್ಲ. ಚರ್ಮದ ಡಾಕ್ಟರ್ ನೋಡಿ, ಇಷ್ಟು ದಿನ ಅಂತ ಹೇಳಿ ಕೊಟ್ಟರೆ ಅದರಂಥ ಒಳ್ಳೆ ಔಷಧಿ ಇನ್ನೊಂದಿಲ್ಲ. ಯಾವ ಕಾಯಿಲೆಗೆ ಅಂತ ಗೊತ್ತಿಲ್ಲದೆ ಹಚ್ಚುವುದು ತಪ್ಪು.

"ಒಂದು ಅಲರ್ಜಿ ಇಂಜೆಕ್ಷನ್ ಹಾಕಿಸಿಬಿಡಿ" ಅಂತ ಕೇಳುವುದೂ ಇದೇ ಜಾತಿಯದ್ದು. ಅದರಲ್ಲೂ ಸಾಮಾನ್ಯವಾಗಿ ಸ್ಟೆರಾಯ್ಡ್ ಇರುತ್ತದೆ. ಎರಡು ದಿನ ದದ್ದು ಅಡಗುತ್ತದೆ. ಮೂರನೇ ದಿನ ನೀವು ಚರ್ಮದ ಡಾಕ್ಟರ ಹತ್ತಿರ ಹೋದರೆ ನೋಡಲು ಏನೂ ಇರುವುದಿಲ್ಲ.

ಹಾಗಾದರೆ ಅಲ್ಲಿಯ ತನಕ ತುರಿಕೆಗೆ ಏನು ಮಾಡುವುದು? ತಣ್ಣೀರಿನಲ್ಲಿ ಅದ್ದಿ ಹಿಂಡಿದ ಹತ್ತಿ ಬಟ್ಟೆಯನ್ನು ಹತ್ತು ನಿಮಿಷ ಇಡಿ. ಕ್ಯಾಲಮಿನ್ ಲೋಷನ್ ಹಚ್ಚಬಹುದು. ಚರ್ಮ ಒಣಗಿ ಬಿರಿದಿದ್ದರೆ ಬರೀ ಪೆಟ್ರೋಲಿಯಂ ಜೆಲ್ಲಿ ಸಾಕು. ಉಗುರು ಕತ್ತರಿಸಿ. ಮುಖ್ಯವಾಗಿ, ಹಂಡೆಯ ಸುಡುನೀರು ಬೇಡ. ಚಳಿಗೆ ನಮ್ಮ ಕಡೆ ಎಲ್ಲರೂ ಕುದಿಯುವಷ್ಟು ಬಿಸಿನೀರು ಹುಯ್ದುಕೊಳ್ಳುತ್ತಾರೆ. ಆ ಗಳಿಗೆಗೆ ಹಿತ ಅನಿಸುತ್ತದೆ, ಒಂದು ಗಂಟೆ ಬಿಟ್ಟು ತುರಿಕೆ ಇಮ್ಮಡಿ. ಉಗುರುಬೆಚ್ಚಗಿನ ನೀರು ಸಾಕು. ಸೆಟಿರಿಜಿನ್‌ನಂಥ ಅಲರ್ಜಿ ಮಾತ್ರೆ ತೆಗೆದುಕೊಂಡಿದ್ದರೆ ಗಾಡಿ ಓಡಿಸಬೇಡಿ, ಮೆಣಸು ಕೊಯ್ಯಲು ಏಣಿ ಹತ್ತಬೇಡಿ. ಅದು ಮಂಪರು ತರುತ್ತದೆ.

3. ಸರಿಯಾಗಿ ನೋಡಿ, ಫೋಟೋ ತೆಗೆಯಿರಿ

ಹಗಲು ಬೆಳಕಿನಲ್ಲಿ, ಕಿಟಕಿಯ ಹತ್ತಿರ. ಫ್ಲಾಶ್ ಬೇಡ. ಪ್ರತಿ ಜಾಗದ್ದು ಎರಡು ಫೋಟೋ: ದೂರದಿಂದ ಒಂದು, ಮೈಯ ಯಾವ ಭಾಗ ಅಂತ ಗೊತ್ತಾಗುವ ಹಾಗೆ. ಹತ್ತಿರದಿಂದ ಇನ್ನೊಂದು, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು. ಗಾತ್ರ ಗೊತ್ತಾಗುವುದು ನಾಣ್ಯದಿಂದಲೇ. ದಿನಕ್ಕೊಂದು ಸಲ, ಅದೇ ಜಾಗ, ಅದೇ ದೂರ. ಮಳೆಗಾಲದಲ್ಲಿ ನೆಟ್‌ವರ್ಕ್ ನಂಬುವ ಹಾಗಿಲ್ಲ, ಫೋಟೋಗಳು ಫೋನಿನಲ್ಲೇ ಇರಲಿ.

ಇಂಟರ್ನೆಟ್ಟಿನಲ್ಲಿ ಫೋಟೋ ಹುಡುಕಿ ಹೋಲಿಸುವವರಿಗೆ ಒಂದು ಮಾತು. ಅಲ್ಲಿರುವ ಹೆಚ್ಚಿನ ಚಿತ್ರಗಳು ಬಿಳಿ ಚರ್ಮದವು. ಅಲ್ಲಿ ಗುಲಾಬಿ ಬಣ್ಣಕ್ಕೆ ಕಾಣುವುದು ನಮ್ಮ ಮೈಮೇಲೆ ಕಂದು, ನೇರಳೆ, ಕೆಲವೊಮ್ಮೆ ಬರೀ ಕಪ್ಪು ಕಲೆಯ ಹಾಗೆ ಕಾಣುತ್ತದೆ. ಅದಕ್ಕೇ ಬಣ್ಣಕ್ಕಿಂತ ಮುಟ್ಟಿ ನೋಡಿದ್ದು ಮುಖ್ಯ: ಉಬ್ಬಿದೆಯಾ, ಒರಟಾ, ಬಿಸಿ ಇದೆಯಾ, ಹೊಟ್ಟು ಏಳುತ್ತದೆಯಾ.

ಇಲ್ಲೊಂದು ಸುಲಭದ ಪರೀಕ್ಷೆ ಇದೆ. ಉಬ್ಬಿದ, ತುರಿಸುವ ಗಂಧೆ ಬಂದಿದ್ದರೆ ಒಂದು ಗಂಧೆಯ ಸುತ್ತ ಪೆನ್ನಿನಿಂದ ಗೆರೆ ಎಳೆಯಿರಿ. ಮಾರನೇ ದಿನ ಅದೇ ಹೊತ್ತಿಗೆ ನೋಡಿ. ಗೆರೆಯ ಒಳಗೆ ಏನೂ ಇಲ್ಲ, ಗಂಧೆ ಬೇರೆ ಕಡೆ ಎದ್ದಿದೆ ಅಂದರೆ ಅದು ಪಿತ್ತದ ಗಂಧೆ. ಡಾಕ್ಟರು ಅರ್ಟಿಕೇರಿಯಾ ಅನ್ನುತ್ತಾರೆ. ಅಲ್ಲೇ ಇದ್ದರೆ, ನೋವಿದ್ದರೆ, ಮಾಯವಾಗುವಾಗ ಕಲೆ ಬಿಟ್ಟರೆ ಅದು ಬೇರೆಯೇ ಕಾಯಿಲೆ ಇರಬಹುದು. ಈ ಒಂದು ಮಾಹಿತಿ ಡಾಕ್ಟರಿಗೆ ಎಷ್ಟೋ ಉಪಕಾರ.

4. ನೋಟ್‌ಬುಕ್ ಬರೆಯಿರಿ

"ಯಾವಾಗಿನಿಂದ?" ಅಂತ ಕೇಳಿದರೆ "ಸುಮಾರು ದಿನ ಆಯ್ತು" ಅನ್ನುತ್ತೇವೆ, ಅಲ್ವಾ? ಅದರಿಂದ ಯಾರಿಗೂ ಪ್ರಯೋಜನ ಇಲ್ಲ. ಹೀಗೆ ಬರೆದರೆ ಕೆಲಸಕ್ಕೆ ಬರುತ್ತದೆ:

"ಜುಲೈ 12, ಶನಿವಾರ. ಬೆಳಿಗ್ಗೆ ತೋಟದಲ್ಲಿ ಕಾಡು ಕೊಚ್ಚಿದೆ. ಸಂಜೆ ಬಲಗೈ ಮೊಣಕೈ ಹತ್ತಿರ ತುರಿಕೆ. ಜುಲೈ 13, ಸಣ್ಣ ನೀರ್ಗುಳ್ಳೆ, ಗೆರೆ ಎಳೆದ ಹಾಗೆ. ಜುಲೈ 15, ಎಡಗೈಗೂ ಬಂತು. ಜ್ವರ ಇಲ್ಲ. ಮನೆಯಲ್ಲಿ ಬೇರೆ ಯಾರಿಗೂ ಇಲ್ಲ."

ಇಷ್ಟರಲ್ಲೇ ಬೇಕಾದ್ದೆಲ್ಲ ಇದೆ. ಇದಕ್ಕೆ ಸೇರಿಸಬೇಕಾದ್ದು: ಎರಡು ತಿಂಗಳಲ್ಲಿ ನುಂಗಿದ ಎಲ್ಲ ಮಾತ್ರೆ, ಕಷಾಯ, ನಾಟಿ ಮದ್ದು, ಟಾನಿಕ್. ತುರಿಕೆ ರಾತ್ರಿ ಜಾಸ್ತಿಯಾ. ಬಿಸಿಲಿಗೆ ಹೋದರೆ ಜಾಸ್ತಿಯಾ. ಗಂಟು ನೋವು, ಕೂದಲು ಉದುರುವುದು, ಬಾಯಿಹುಣ್ಣು ಇದೆಯಾ. ಮನೆಯ ನಾಯಿ, ದನಕ್ಕೆ ಚರ್ಮದ ತೊಂದರೆ ಇದೆಯಾ.

ಆಗಸ್ಟ್ ಮೊದಲ ವಾರವಾದರೆ ಇನ್ನೊಂದು. ಕಕ್ಕಡ ಹದಿನೆಂಟಕ್ಕೆ, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ಮದ್ದುಸೊಪ್ಪಿನ ಪಾಯಸವೋ ಹಿಟ್ಟೋ ತಿಂದಿದ್ದರೆ ಅದನ್ನೂ ಬರೆಯಿರಿ. ಮಾರನೇ ದಿನ ಮೂತ್ರ ಕೆಂಪಾಗುವುದು ಅದರ ಬಣ್ಣದಿಂದ ಅಂತ ನಮಗೆಲ್ಲ ಗೊತ್ತು. ಹೊರಗಿನಿಂದ ಬಂದ ಡಾಕ್ಟರಿಗೆ ಗೊತ್ತಿರಬೇಕಿಲ್ಲ. ದದ್ದಿನ ಜೊತೆ ಕೆಂಪು ಮೂತ್ರ ಅಂದರೆ ಅವರು ಕಿಡ್ನಿಯಿಂದ ರಕ್ತ ಬರುತ್ತಿದೆಯೋ ಅಂತ ಯೋಚಿಸುತ್ತಾರೆ. ಸೊಪ್ಪು ತಿನ್ನದೆ ಕೆಂಪಾಗಿದ್ದರೆ ಮಾತ್ರ ಅದನ್ನು ಖಂಡಿತ ಮುಚ್ಚಿಡಬೇಡಿ.

ಇನ್ನು ಆ ಚೀಲ. ಹಚ್ಚಿದ ಪ್ರತಿ ಟ್ಯೂಬ್, ನುಂಗಿದ ಪ್ರತಿ ಸ್ಟ್ರಿಪ್, ಖಾಲಿಯಾದದ್ದೂ ಸೇರಿ, ಹಳೇ ಚೀಟಿಗಳ ಜೊತೆ ಅದಕ್ಕೆ ಹಾಕಿ. "ಬಿಳಿ ಟ್ಯೂಬ್, ನೀಲಿ ಮುಚ್ಚಳ" ಅಂದರೆ ಯಾರಿಗೂ ಅರ್ಥವಾಗುವುದಿಲ್ಲ.

5. ನಮ್ಮ ಊರಿನ ಕಾರಣಗಳನ್ನು ಒಮ್ಮೆ ನೆನಪು ಮಾಡಿಕೊಳ್ಳಿ

ಇದು ನೀವೇ ಕಾಯಿಲೆ ಹೆಸರಿಸಲಿ ಅಂತ ಅಲ್ಲ. ಡಾಕ್ಟರು "ಏನಾದರೂ ತಾಗಿತ್ತಾ?" ಅಂದಾಗ ಉತ್ತರ ಸಿದ್ಧ ಇರಲಿ ಅಂತ.

ಗಿಡಮರದಿಂದ ಶುರು ಮಾಡೋಣ. ಕಾಡುಗೇರು, ಹೊಳಗೇರು ಜಾತಿಯ ಮರಗಳ ಸೊನೆ ತಾಗಿದರೆ ಒಂದೆರಡು ದಿನ ಬಿಟ್ಟು ಮುಖ, ಕೈ ಊದಿ ಬೊಕ್ಕೆ ಏಳುತ್ತದೆ. ಮರ ಕಡಿದವರಿಗೆ ಮಾತ್ರ ಅಲ್ಲ, ಅದರ ಸೌದೆ ಸುಟ್ಟ ಹೊಗೆ ತಾಗಿದವರಿಗೂ ಆಗಬಹುದು. ಎರಡು ದಿನದ ಅಂತರ ಇರುವುದರಿಂದ ಜನ ಹಿಂದಿನ ರಾತ್ರಿಯ ಊಟವನ್ನು ಬೈಯುತ್ತಾರೆ. ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ಮುಟ್ಟಬೇಕಂತಲೂ ಇಲ್ಲ. ಗಾಳಿಯಲ್ಲಿ ಬಂದ ಪುಡಿಯಿಂದಲೇ ಕಣ್ಣಿನ ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆ ದಪ್ಪವಾಗಿ ತುರಿಸುತ್ತದೆ. ನಸುಗುನ್ನಿ ಕಾಯಿಯ ರೋಮದ್ದು ಕೂಡಲೇ ಗೊತ್ತಾಗುತ್ತದೆ, ಅದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ.

ಹುಳಗಳು. ಕಂಬಳಿಹುಳು ತಾಗಿದರೆ ಉಜ್ಜಬೇಡಿ, ಉಜ್ಜಿದಷ್ಟೂ ರೋಮ ಒಳಗೆ ಹೋಗುತ್ತದೆ. ಸೆಲ್ಲೋ ಟೇಪ್ ಅಂಟಿಸಿ ಎಳೆದು, ಆಮೇಲೆ ಸೋಪು ನೀರಿನಲ್ಲಿ ತೊಳೆಯಿರಿ. ಮಳೆಗಾಲದಲ್ಲಿ ಟ್ಯೂಬ್‌ಲೈಟಿಗೆ ಬರುವ ಕಪ್ಪು ಮತ್ತು ಕಿತ್ತಳೆ ಪಟ್ಟೆಯ ಸಣ್ಣ ಹುಳ ಇದೆ, ಆಸಿಡ್ ಹುಳ ಅಂತ ಕರೆಯುತ್ತಾರೆ. ಅದು ಕಚ್ಚುವುದಿಲ್ಲ. ಮೈಮೇಲೆ ಕೂತಾಗ ನಾವು ಒರೆಸಿ ಜಜ್ಜುತ್ತೇವೆ, ಒಳಗಿನ ರಸ ಚರ್ಮ ಸುಡುತ್ತದೆ. ಬೆಳಿಗ್ಗೆ ಎದ್ದರೆ ಚಾಟಿ ಏಟಿನಂಥ ಗೆರೆ, ಉರಿ. ಇದನ್ನು ಸರ್ಪಸುತ್ತು ಅಂತ ತಪ್ಪು ತಿಳಿಯುವವರು ತುಂಬಾ ಜನ.

ನಿಜವಾದ ಸರ್ಪಸುತ್ತು ಮೈಯ ಒಂದೇ ಬದಿಗೆ, ಪಟ್ಟಿಯ ಹಾಗೆ, ನೀರ್ಗುಳ್ಳೆಗಳ ಗುಂಪಾಗಿ ಬರುತ್ತದೆ. ಗುಳ್ಳೆಗಿಂತ ಮೊದಲೇ ನೋವು ಇರುತ್ತದೆ. ಇದು ಚಿಕ್ಕಂದಿನಲ್ಲಿ ಬಂದ ಸೀತಾಳೆ ಸಿಡುಬಿನ ವೈರಸ್ ನರದಲ್ಲಿ ಅಡಗಿದ್ದು ಮತ್ತೆ ಏಳುವುದು. ಹಾವಿನ ಹೆಡೆ ಬಾಲ ಕೂಡಿದರೆ ಸಾವು ಅನ್ನುವುದು ಬರೀ ಹೆದರಿಕೆ. ಕೆಮ್ಮಣ್ಣು ಹಚ್ಚಿ ದಿನ ಕಳೆಯಬೇಡಿ. ವೈರಸ್ ವಿರುದ್ಧದ ಮಾತ್ರೆ ಗುಳ್ಳೆ ಕಂಡ 72 ಗಂಟೆಯೊಳಗೆ ಶುರುವಾದರೆ ಪ್ರಯೋಜನ ಜಾಸ್ತಿ. ಹಣೆ, ಕಣ್ಣು, ಮೂಗಿನ ತುದಿಗೆ ಬಂದಿದ್ದರೆ ಅದೇ ದಿನ ತೋರಿಸಿ, ಕಣ್ಣಿನ ಪ್ರಶ್ನೆ.

ಜ್ವರ ಇದ್ದವರು ಇನ್ನೊಂದು ಹುಡುಕಬೇಕು. ಕುರುಚಲು, ಹುಲ್ಲಿನಲ್ಲಿರುವ ಚಿಗರ್ ಅನ್ನುವ ಕಣ್ಣಿಗೆ ಸರಿಯಾಗಿ ಕಾಣದ ಮರಿಹುಳ ಕಚ್ಚಿದರೆ ಸ್ಕ್ರಬ್ ಟೈಫಸ್ ಜ್ವರ ಬರಬಹುದು. ಕಚ್ಚಿದ್ದು ನೋವಾಗುವುದಿಲ್ಲ. ಅಲ್ಲಿ ಸಿಗರೇಟಿನಿಂದ ಸುಟ್ಟಂಥ ಕಪ್ಪು ಹಕ್ಕಳೆ ಆಗುತ್ತದೆ, ಅದೂ ಕಂಕುಳು, ತೊಡೆ ಸಂದಿ, ಸೊಂಟದ ಪಟ್ಟಿ, ಸ್ತನದ ಕೆಳಗೆ, ಯಾರೂ ನೋಡದ ಕಡೆ. ಎಲ್ಲರಲ್ಲೂ ಇದು ಕಾಣುವುದಿಲ್ಲ. ಆದರೆ ಕಂಡರೆ ಡಾಕ್ಟರಿಗೆ ಕೂಡಲೇ ತೋರಿಸಿ, ನಾಚಿಕೆ ಬೇಡ. ಡಾಕ್ಸಿಸೈಕ್ಲಿನ್ ಅನ್ನುವ ಸಾಮಾನ್ಯ ಔಷಧಿಗೆ ಬೇಗ ಬಗ್ಗುವ ಕಾಯಿಲೆ, ತಡ ಮಾಡಿದರೆ ಶ್ವಾಸಕೋಶ, ಕಿಡ್ನಿಗೆ ಹೋಗುತ್ತದೆ.

ತೋಟದ ಕೆಲಸದ್ದು ಬೇರೆ. ಬೋರ್ಡೋ ದ್ರಾವಣ ಮೈಲುತುತ್ತ ಮತ್ತು ಸುಣ್ಣದ್ದು. ಸುಣ್ಣ ಬೆವರಿದ ಮೈಗೆ ತಾಗಿ ಗಂಟೆಗಟ್ಟಲೆ ಇದ್ದರೆ ಸುಡುತ್ತದೆ. ಸ್ಪ್ರೇ ಮಾಡಿದ ದಿನ, ಬೆನ್ನಿನ ಡಬ್ಬಿ ಸೋರಿದ್ದು ಎಲ್ಲ ಬರೆಯಿರಿ. ಬೇರೆ ಕೀಟನಾಶಕವಾದರೆ ಬಾಟಲಿಯ ಲೇಬಲ್ ಫೋಟೋ ಇರಲಿ. ದಿನವಿಡೀ ಗಂಬೂಟು ಹಾಕುವವರಿಗೆ ದದ್ದು ಬೂಟಿನ ಅಂಚಿಗೇ ಸರಿಯಾಗಿ ನಿಂತಿದ್ದರೆ ರಬ್ಬರಿನ ಅಲರ್ಜಿ ಇರಬಹುದು.

ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ. ಅರೆ ಒಣಗಿದ ಒಳಬಟ್ಟೆ ಹಾಕಿಕೊಂಡೇ ಹುಳಕಡ್ಡಿ ಬರುವುದು, ಬಂದಿದ್ದು ಹೋಗದಿರುವುದು. ಉಂಗುರದಂತೆ ಹರಡಿ, ಅಂಚು ಉಬ್ಬಿ, ನಡು ತಿಳಿಯಾಗಿರುತ್ತದೆ. ಒಳಬಟ್ಟೆಯನ್ನು ಇಸ್ತ್ರಿ ಮಾಡಿ ಹಾಕಿಕೊಳ್ಳಿ, ಟವೆಲ್ ಬೇರೆ ಇಡಿ.

ರಾತ್ರಿ ತುರಿಕೆ ಜಾಸ್ತಿ, ಬೆರಳ ಸಂದಿ, ಮಣಿಕಟ್ಟು, ಹೊಕ್ಕುಳ ಸುತ್ತ ಸಣ್ಣ ಗುಳ್ಳೆ, ಮನೆಯಲ್ಲಿ ಇನ್ನೊಬ್ಬರಿಗೂ ಇದೆ ಅಂದರೆ ಕಜ್ಜಿ ಅಂತ ಅನುಮಾನಿಸಬೇಕು. ಒಬ್ಬರಿಗೆ ಔಷಧಿ ಹಚ್ಚಿದರೆ ಅದು ಹೋಗುವುದಿಲ್ಲ. ತುರಿಕೆ ಇಲ್ಲದವರೂ ಸೇರಿ ಮನೆಮಂದಿಯೆಲ್ಲ ಒಂದೇ ರಾತ್ರಿ ಹಚ್ಚಬೇಕು, ವಾರ ಬಿಟ್ಟು ಇನ್ನೊಮ್ಮೆ. ಲೈನ್ ಮನೆಗಳಲ್ಲಿ, ಅಂದರೆ ತೋಟದ ಕೆಲಸದವರ ಸಾಲುಮನೆಗಳಲ್ಲಿ, ಪಕ್ಕದ ಕುಟುಂಬದವರ ಜೊತೆಗೂ ಮಾತಾಡಿ ಒಟ್ಟಿಗೇ ಮಾಡಿದರೆ ಮಾತ್ರ ಫಲ. ಕಜ್ಜಿಯ ಹುಳ ಸತ್ತ ಮೇಲೂ ಎರಡು ಮೂರು ವಾರ ತುರಿಕೆ ಇರುತ್ತದೆ, ಅದಕ್ಕೆ ಹೆದರಿ ದಿನಾ ಹಚ್ಚಬೇಡಿ. ತೋಟದ ಯಜಮಾನರಿಗೂ ಇಲ್ಲಿ ಜವಾಬ್ದಾರಿ ಇದೆ: ಕೆಲಸದವರಿಗೆ ಆ ದಿನ ರಜೆ, ಔಷಧಿಯ ಖರ್ಚು, ಬಟ್ಟೆ ತೊಳೆಯಲು ಬಿಸಿನೀರು ಕೊಡಿಸಿ.

ತುರಿಕೆಯೇ ಇಲ್ಲದ, ಸುತ್ತಲಿನ ಚರ್ಮಕ್ಕಿಂತ ತಿಳಿಯಾದ ಅಥವಾ ಕೆಂಪಾದ ಮಚ್ಚೆ, ಅಲ್ಲಿ ಮುಟ್ಟಿದರೆ, ಬಿಸಿ ತಾಗಿದರೆ ಗೊತ್ತಾಗುವುದಿಲ್ಲ. ಇದು ಕುಷ್ಠ ಇರಬಹುದು. ಹೆಸರು ಕೇಳಿ ಅಡಗಿಸಿಡಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ, 6 ಅಥವಾ 12 ತಿಂಗಳಲ್ಲಿ ಪೂರ್ತಿ ಗುಣವಾಗುತ್ತದೆ. ತಡವಾದರೆ ಮಾತ್ರ ನರಕ್ಕೆ ಆದ ಹಾನಿ ಹಿಂದೆ ಬರುವುದಿಲ್ಲ.

ವಯಸ್ಸಾದವರಿಗೆ ದದ್ದೇ ಇಲ್ಲದೆ ವಾರಗಟ್ಟಲೆ ಮೈಯೆಲ್ಲ ತುರಿಕೆ ಇದ್ದರೆ ಶುಗರ್, ಥೈರಾಯ್ಡ್, ಕಿಡ್ನಿ, ಲಿವರ್ ಪರೀಕ್ಷೆ ಆಗಲೇಬೇಕು. "ವಯಸ್ಸಾಯ್ತು" ಅಂತ ಸುಮ್ನೆ ಬಿಡಬೇಡಿ.

6. ಯಾರಿಗೆ ತೋರಿಸಬೇಕು

ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ನಿಮ್ಮ ಮಾಮೂಲಿ ಎಂಬಿಬಿಎಸ್ ಡಾಕ್ಟರ್ ಸಾಕು. ಕಜ್ಜಿ, ಸರ್ಪಸುತ್ತು, ಸೀತಾಳೆ ಸಿಡುಬು ಇವನ್ನು ಅವರೇ ನೋಡುತ್ತಾರೆ. ಚರ್ಮದ ತಜ್ಞರು ಬೇಕಾಗುವುದು: ಎರಡು ವಾರ ಚಿಕಿತ್ಸೆ ಮಾಡಿಯೂ ಕಡಿಮೆಯಾಗದಿದ್ದರೆ, ಪದೇ ಪದೇ ಬಂದರೆ, ಬೊಕ್ಕೆ ಇದ್ದರೆ, ಬಾಯಿಯ ಹುಣ್ಣು ವಾರಗಟ್ಟಲೆ ಮಾಯದಿದ್ದರೆ, ಅಥವಾ ಇಬ್ಬರು ಡಾಕ್ಟರು ಎರಡು ಹೆಸರು ಹೇಳಿದರೆ.

ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಯ ಬೋಧಕ ಆಸ್ಪತ್ರೆ, ಅಂದರೆ ನಾವು ಈಗಲೂ ಜಿಲ್ಲಾಸ್ಪತ್ರೆ ಅನ್ನುವುದು, ನಮಗೆ ಹತ್ತಿರದ ದೊಡ್ಡ ಸರ್ಕಾರಿ ಜಾಗ. ವಿರಾಜಪೇಟೆ, ಸೋಮವಾರಪೇಟೆ ತಾಲ್ಲೂಕು ಆಸ್ಪತ್ರೆಗಳಿಗೆ ಹೋಗುವವರು ಚರ್ಮದ ಡಾಕ್ಟರು ಯಾವ ದಿನ ಇರುತ್ತಾರೆ ಅಂತ ಮೊದಲೇ ಫೋನ್ ಮಾಡಿ ಕೇಳಿ. ಭಾಗಮಂಡಲದಿಂದಲೋ ಕುಟ್ಟದಿಂದಲೋ ಒಂದು ದಿನದ ಕೂಲಿ ಬಿಟ್ಟು ಬಂದು ಬಾಗಿಲು ನೋಡಿ ವಾಪಸಾಗುವ ಸಂಕಟ ಯಾರಿಗೂ ಬೇಡ. ಬಯಾಪ್ಸಿ, ಪ್ಯಾಚ್ ಟೆಸ್ಟಿನಂಥ ಚರ್ಮದ ಪರೀಕ್ಷೆಗಳಿಗೆ ಮೈಸೂರು ಅಥವಾ ಮಂಗಳೂರಿನ ಮೆಡಿಕಲ್ ಕಾಲೇಜಿಗೆ ಕಳಿಸಬಹುದು. ಆಗ ಇಲ್ಲಿನ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಬರೆಸಿಕೊಳ್ಳಿ. ಆಯುಷ್ಮಾನ್ ಕಾರ್ಡಿನಲ್ಲಿ ದಾಖಲಾಗಬೇಕಾದರೆ ಆ ಪತ್ರ ಕೇಳುತ್ತಾರೆ. ಆಧಾರ್, ರೇಷನ್ ಕಾರ್ಡ್ ಜೊತೆಗಿರಲಿ.

ಹೊರಡಲು ಆಗದವರಿಗೆ ಇ-ಸಂಜೀವನಿ ಇದೆ. ಸರ್ಕಾರದ ಉಚಿತ ವಿಡಿಯೋ ಸಲಹೆ. ಊರಿನ ಆರೋಗ್ಯ ಉಪಕೇಂದ್ರದಲ್ಲಿ ಕೇಳಿದರೆ, ಅಥವಾ ಆಶಾ ಕಾರ್ಯಕರ್ತೆಗೆ ಹೇಳಿದರೆ ದಾರಿ ತೋರಿಸುತ್ತಾರೆ. ನೀವು ತೆಗೆದ ಫೋಟೋ ಅಲ್ಲಿ ಉಪಯೋಗಕ್ಕೆ ಬರುತ್ತದೆ.

ಬೋರ್ಡ್ ಓದುವುದು ಕಲಿಯಿರಿ. ಚರ್ಮದ ತಜ್ಞರ ಹೆಸರಿನ ಮುಂದೆ ಎಂಬಿಬಿಎಸ್ ಜೊತೆ ಎಂಡಿ ಅಥವಾ ಡಿಎನ್‌ಬಿ ಡರ್ಮಟಾಲಜಿ, ಇಲ್ಲವೇ ಡಿವಿಡಿ, ಡಿಡಿವಿಎಲ್ ಇರುತ್ತದೆ. "ಸ್ಕಿನ್ ಕ್ಲಿನಿಕ್", "ಕಾಸ್ಮೆಟಾಲಜಿಸ್ಟ್" ಅಂತ ಮಾತ್ರ ಇದ್ದರೆ ಓದಿದ್ದು ಏನು ಅಂತ ಕೇಳಿ. ಕೇಳುವುದು ಮರ್ಯಾದೆಗೆಟ್ಟ ಕೆಲಸವಲ್ಲ.

7. ಡಾಕ್ಟರ ಕೋಣೆಯಲ್ಲಿ

ಸಮಯ ಕಡಿಮೆ ಇರುತ್ತದೆ. ಆದ್ದರಿಂದ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ನಾಲ್ಕೇ ಸಾಲು ಬರೆದಿಡಿ: ಯಾವ ದಿನ ಶುರು, ಎಲ್ಲಿ ಶುರು, ಹೇಗೆ ಹರಡಿತು, ಏನೇನು ಹಚ್ಚಿದ್ದಾಯಿತು. ಅದನ್ನೇ ಓದಿ ಹೇಳಿ. ಚೀಲ ಮೇಜಿನ ಮೇಲಿಡಿ. ಬೈಯುತ್ತಾರೆ ಅಂತ ನಾಟಿ ಮದ್ದನ್ನು, ಮೆಡಿಕಲ್ಲಿನ ಟ್ಯೂಬನ್ನು ಮುಚ್ಚಿಡುವವರೇ ಜಾಸ್ತಿ. ಬೈದರೂ ಬೈಸಿಕೊಳ್ಳಿ, ಆದರೆ ಹೇಳಿ.

ಸಡಿಲ ಬಟ್ಟೆ ಹಾಕಿಕೊಂಡು ಹೋಗಿ. ಉಗುರು ಬಣ್ಣ, ಮೇಕಪ್, ಮೈಗೆ ಎಣ್ಣೆ ಬೇಡ. ದದ್ದು ಇರುವ ಎಲ್ಲ ಜಾಗ ತೋರಿಸಬೇಕು. ತೊಡೆ ಸಂದಿಯದ್ದನ್ನು ಮುಚ್ಚಿಟ್ಟು ಕೈಯದ್ದನ್ನು ಮಾತ್ರ ತೋರಿಸಿ ತಪ್ಪು ಔಷಧಿ ತಂದವರನ್ನು ನಾನು ಬಲ್ಲೆ. ಹೆಣ್ಣುಮಕ್ಕಳೇ, ಲೇಡಿ ಡಾಕ್ಟರ್ ಬೇಕು ಅಂತ ಕೇಳಬಹುದು. ಅವರಿಲ್ಲದಿದ್ದರೆ ಪರೀಕ್ಷೆ ಮಾಡುವಾಗ ನರ್ಸೋ ಮನೆಯವರೋ ಜೊತೆಗಿರಲಿ ಅನ್ನಿ. ಅದು ನಿಮ್ಮ ಹಕ್ಕು.

ಹೊರಗೆ ಬರುವ ಮೊದಲು ಇಷ್ಟು ಕೇಳಿ: ಇದು ಏನಿರಬಹುದು? ಬೇರೆ ಏನಾದರೂ ಇರಬಹುದಾ? ಇದು ಅಂಟುತ್ತದೆಯಾ? ಎಷ್ಟು ದಿನ ಹಚ್ಚಬೇಕು? ಏನಾದರೆ ನಾನು ತಕ್ಷಣ ವಾಪಸ್ ಬರಬೇಕು? ಕಾಯಿಲೆಯ ಹೆಸರನ್ನು ಚೀಟಿಯಲ್ಲಿ ಬರೆದುಕೊಡಿ ಅನ್ನಿ. "ಇನ್ನೂ ಗೊತ್ತಿಲ್ಲ, ಎರಡು ವಾರ ನೋಡೋಣ" ಅಂದರೆ ಬೇಸರ ಬೇಡ. ಅದು ಪ್ರಾಮಾಣಿಕ ಉತ್ತರ. ಚರ್ಮದ ಎಷ್ಟೋ ಕಾಯಿಲೆ ತನ್ನ ನಿಜವಾದ ರೂಪ ತೋರಿಸಲು ಸಮಯ ತೆಗೆದುಕೊಳ್ಳುತ್ತದೆ.

8. ಪರೀಕ್ಷೆ ಬರೆದರೆ

ಕೆಒಎಚ್ ಅಂದರೆ ದದ್ದಿನ ಹೊಟ್ಟನ್ನು ಕೆರೆದು ಮೈಕ್ರೋಸ್ಕೋಪಿನಲ್ಲಿ ಫಂಗಸ್ ನೋಡುವುದು. ನೋವಿಲ್ಲ. ಬಯಾಪ್ಸಿ ಅಂದ ಕೂಡಲೇ ಕ್ಯಾನ್ಸರ್ ಅಂತ ಹೆದರುತ್ತಾರೆ. ಹಾಗಲ್ಲ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು 3ರಿಂದ 4 ಮಿಲಿಮೀಟರ್ ಅಗಲದ ಚರ್ಮದ ಚೂರು ತೆಗೆಯುತ್ತಾರೆ, ಒಂದೆರಡು ಹೊಲಿಗೆ ಅಷ್ಟೇ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ಹೇಳಬೇಕು.

ಪ್ಯಾಚ್ ಟೆಸ್ಟ್ ಯಾವ ವಸ್ತು ತಾಗಿ ಅಲರ್ಜಿ ಆಗುತ್ತಿದೆ ಅಂತ ಹುಡುಕುವುದು. ಬೆನ್ನಿಗೆ ಪಟ್ಟಿ ಅಂಟಿಸಿ 48 ಗಂಟೆ ಬಿಟ್ಟು ತೆಗೆದು ನೋಡುತ್ತಾರೆ, ಒಂದೆರಡು ದಿನ ಬಿಟ್ಟು ಮತ್ತೆ ನೋಡುತ್ತಾರೆ. ಆ ದಿನಗಳಲ್ಲಿ ಬೆನ್ನಿಗೆ ನೀರು ಬೀಳಬಾರದು, ಬೆವರುವ ಕೆಲಸ ಮಾಡಬಾರದು. ಮೈಸೂರಿಗೆ ಹೋಗಿ ಮಾಡಿಸುವವರು ಮೂರು ನಾಲ್ಕು ದಿನದ ಲೆಕ್ಕ ಹಾಕಿಕೊಂಡು ಹೋಗಿ. ಕೊಯ್ಲಿನ ದಿನಗಳಲ್ಲಿ ಇಟ್ಟುಕೊಳ್ಳಬೇಡಿ.

ನೂರಾರು ತಿಂಡಿಗಳ ಪಟ್ಟಿ ಇರುವ ದುಬಾರಿ "ಅಲರ್ಜಿ ರಕ್ತಪರೀಕ್ಷೆ"ಯನ್ನು ಮಾತ್ರ ನೀವಾಗಿಯೇ ಹೋಗಿ ಮಾಡಿಸಬೇಡಿ. ಆರು ವಾರಕ್ಕಿಂತ ಜಾಸ್ತಿ ಇರುವ ಗಂಧೆಗೆ ಊಟ ಕಾರಣವಾಗಿರುವುದು ಅಪರೂಪ. ಆ ಪಟ್ಟಿ ಹಿಡಿದು ಮೀನು, ಮೊಟ್ಟೆ, ಹಂದಿ, ಬದನೆ ಎಲ್ಲ ಬಿಟ್ಟು ಸೊರಗಿದವರಿದ್ದಾರೆ, ಗಂಧೆ ಮಾತ್ರ ಹೋಗಿರಲಿಲ್ಲ.

9. ಔಷಧಿ ಶುರುವಾದ ಮೇಲೆ

ಕ್ರೀಮ್ ಎಷ್ಟು ಹಚ್ಚಬೇಕು ಅಂತ ಯಾರೂ ಹೇಳಿಕೊಡುವುದಿಲ್ಲ. ತೋರುಬೆರಳಿನ ತುದಿಯಿಂದ ಮೊದಲ ಗೆರೆಯ ತನಕ ಟ್ಯೂಬಿನಿಂದ ಒಂದು ಎಳೆ ಹಾಕಿ. ಅದು ಸುಮಾರು ಅರ್ಧ ಗ್ರಾಂ. ಬೆರಳುಗಳೂ ಸೇರಿ ನಿಮ್ಮ ಎರಡು ಅಂಗೈ ಅಗಲದ ಜಾಗಕ್ಕೆ ಅಷ್ಟು ಸಾಕು.

ಹುಳಕಡ್ಡಿ ಕಣ್ಣಿಗೆ ಕಾಣದಾದ ಮೇಲೂ ಡಾಕ್ಟರು ಹೇಳಿದಷ್ಟು ದಿನ ಔಷಧಿ ಮುಂದುವರಿಸಿ. ನುಂಗುವ ಸ್ಟೆರಾಯ್ಡನ್ನು ಒಮ್ಮೆಲೇ ನಿಲ್ಲಿಸಬೇಡಿ, ಅದನ್ನು ನಿಧಾನ ಇಳಿಸಬೇಕು. ಔಷಧಿಯಿಂದಲೇ ಅಲರ್ಜಿ ಆಗಿದ್ದು ಅಂತ ಗೊತ್ತಾದರೆ ಆ ಔಷಧಿಯ ಹೆಸರನ್ನು ಒಂದು ಚೀಟಿಯಲ್ಲಿ ಬರೆಸಿ, ಲ್ಯಾಮಿನೇಷನ್ ಮಾಡಿಸಿ ಪರ್ಸಿನಲ್ಲಿಟ್ಟುಕೊಳ್ಳಿ. ಜೀವ ಇರುವ ತನಕ ಯಾವ ಆಸ್ಪತ್ರೆಗೆ ಹೋದರೂ ಮೊದಲು ಅದನ್ನೇ ತೋರಿಸಬೇಕು.

ಹೇಳಿದ ದಿನಕ್ಕೆ ಮತ್ತೆ ತೋರಿಸಲು ಹೋಗಿ, ಕಡಿಮೆಯಾಗಿದ್ದರೂ. ಕಡಿಮೆಯಾಗದಿದ್ದರೆ ಡಾಕ್ಟರನ್ನು ಬದಲಾಯಿಸುವ ಮೊದಲು ಅವರಿಗೇ ಇನ್ನೊಂದು ಸಲ ತೋರಿಸಿ, ಮೊದಲ ಔಷಧಿ ಕೆಲಸ ಮಾಡದಿರುವುದೂ ಅವರಿಗೆ ಒಂದು ಸುಳಿವು. ಆಮೇಲೂ ಸಮಾಧಾನ ಇಲ್ಲದಿದ್ದರೆ ಇನ್ನೊಬ್ಬರ ಅಭಿಪ್ರಾಯ ಕೇಳಿ. ಹೋಗುವಾಗ ಅದೇ ನೋಟ್‌ಬುಕ್, ಅದೇ ಚೀಲ, ಹಳೇ ಚೀಟಿಗಳನ್ನು ಮೇಲಿನಿಂದ ಕೆಳಗೆ ದಿನಾಂಕದ ಪ್ರಕಾರ ಜೋಡಿಸಿಕೊಂಡು ಹೋಗಿ.